ಒಂದು ಡಬ್ಬಿ ಗಿಣ್ಣ

1998ರ ದೀಪಾವಳಿ ಮುಗಿದ ಹೊಸತು. ಎಮ್ಮೆ ತಿನ್ನುವ ಮೇವಿಗೂ, ಈದ ಮೇಲೆ ಅದರ ಮೈಯಲ್ಲಾಗುವ ಏರುಪೇರಿಗೂ ಏನು ಸಂಬಂಧ ಎಂಬುದು ಪಶುವೈದ್ಯನಾದ ನನ್ನ ಸಂಶೋಧನೆಯ ವಿಷಯ. ಬೈಲಹೊಂಗಲದಲ್ಲಿ ಕೋಣೆ ಹಿಡಿದು, ಸುತ್ತಲಿನ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ ಎಮ್ಮೆಗಳ ರಕ್ತ ಪರೀಕ್ಷೆಗೆ ತರುತ್ತಿದ್ದೆ. ಹೋದಲ್ಲೆಲ್ಲ ಒಂದು ಮಾತು ಹೇಳುತ್ತಿದ್ದೆ: ಹೆಚ್ಚು ಹಾಲು ಕೊಡುವ ಎಮ್ಮೆ ಈದಾಗ ಮೊದಲ ಎರಡು ಮೂರು ದಿನ ಕೆಚ್ಚಲು ಬರಿದಾಗುವಂತೆ ಹಿಂಡಬೇಡಿ. ಮೈಯೊಳಗಿನ ಸುಣ್ಣದ ಅಂಶವೆಲ್ಲ ಹಾಲಿಗೆ ಹೋಗಿ ಎಮ್ಮೆ ನೆಲ ಹಿಡಿಯುತ್ತದೆ, ತಡವಾದರೆ ಸತ್ತೇ ಹೋಗುತ್ತದೆ.

ಹೇಳುವುದು ಸುಲಭ. ಎಮ್ಮೆ ಈದರೆ ಗಿಣ್ಣದ ಹಾಲನ್ನು ಓಣಿಗೆಲ್ಲ ಹಂಚುವುದು ಅಲ್ಲಿನ ಪದ್ಧತಿ. ಆದರೂ ನೇಸರಗಿಯ ದಸ್ತಗೀರಸಾಬ ಮತ್ತು ಅವರ ಹೆಂಡತಿ ಮಾಬೂಬಿ ನನ್ನ ಮಾತು ನಡೆಸಿದರು. ಅವರಿಗಿದ್ದದ್ದು ಒಂದೇ ಎಮ್ಮೆ, ಅದರ ಹಾಲಿನ ಮೇಲೆಯೇ ಸಂಸಾರ. ಅದು ಈದಾಗ ಕರುವಿಗೆ ಕುಡಿಸಿ, ಸ್ವಲ್ಪವೇ ಹಿಂಡಿಕೊಂಡು, ಸಾಹೇಬರು ಬೇಡ ಅಂದಾರೆ ಎಂದು ಓಣಿಯವರನ್ನು ಬರಿಗೈಯಲ್ಲಿ ಕಳಿಸಿದ್ದರು. ಕೆಲವರು ಮುಖ ತಿರುಗಿಸಿಕೊಂಡು ಹೋದರಂತೆ.

ಮರುದಿನ ನಾನು ಹೋದಾಗ ಮಾಬೂಬಿ ಚಿಕ್ಕ ತಾಟಿನಲ್ಲಿ ಗಿಣ್ಣ ತಂದಿಟ್ಟರು. ಬೆಲ್ಲ, ಏಲಕ್ಕಿ ಹಾಕಿ ಮಾಡಿದ್ದು. ತಿಂದು ಬೆರಳನ್ನೂ ನೆಕ್ಕಿದೆ. ಅಲ್ಲಿಗೆ ಸುಮ್ಮನಿರಬಾರದೇ? ನನ್ನ ಹೆಂಡತಿಗೂ ಗಿಣ್ಣ ಎಂದರೆ ಪ್ರಾಣ, ನಾಳೆ ಊರಿಗೆ ಹೋಗುವವನಿದ್ದೇನೆ, ಒಂದು ಡಬ್ಬಿ ಸಿಕ್ಕರೆ ಚೆನ್ನಾಗಿತ್ತು ಎಂದುಬಿಟ್ಟೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆಗಲಿ ಎಂದರು. ಸಂಜೆ ದಸ್ತಗೀರಸಾಬ ಡಬ್ಬಿ ತುಂಬ ಗಿಣ್ಣ ತಂದು ನನ್ನ ಕೋಣೆಗೇ ಮುಟ್ಟಿಸಿ ಹೋದರು. ಎಮ್ಮೆಯ ನೆನಪು ನನಗೆ ಬರಲೇ ಇಲ್ಲ.

ಬೆಳಿಗ್ಗೆ ಮತ್ತೆ ಅವರೇ ಬಾಗಿಲಲ್ಲಿ ನಿಂತಿದ್ದರು. "ಎಮ್ಮಿ ಏಳವಲ್ದ್ರಿ ಸಾಹೇಬ್ರ" ಎಂದರು.

ಹೋಗಿ ನೋಡಿದರೆ ಎಮ್ಮೆ ಕತ್ತು ಪಕ್ಕೆಗೆ ಹೊರಳಿಸಿ ಮಲಗಿತ್ತು. ಕಿವಿ ತಣ್ಣಗಾಗಿದ್ದವು. ಮಾಬೂಬಿ ಅದರ ತಲೆಯ ಹತ್ತಿರ ಕುಳಿತು ಸೆರಗಿನಿಂದ ನೊಣ ಹೊಡೆಯುತ್ತಿದ್ದರು. ಕೆಚ್ಚಲು ಪೂರ್ತಿ ಬತ್ತಿತ್ತು. ಕ್ಯಾಲ್ಸಿಯಂ ಬಾಟಲಿಯನ್ನು ಬೆಚ್ಚಗೆ ಮಾಡಿ, ಎದೆಬಡಿತ ಕೇಳುತ್ತ, ರಕ್ತನಾಳಕ್ಕೆ ನಿಧಾನವಾಗಿ ಇಳಿಸಿದೆ. ಬಹಳ ಹೊತ್ತಿನ ಮೇಲೆ ಎಮ್ಮೆ ತೇಗಿತು, ಮೈ ನಡುಗಿಸಿತು, ಸಗಣಿ ಹಾಕಿತು. ಆಮೇಲೆ ಹಿಂಗಾಲು ಊರಿ ಎದ್ದು ನಿಂತಿತು. ಕೂಡಿದ್ದ ಓಣಿಯವರು ನನ್ನನ್ನು ದೇವರಂತೆ ನೋಡತೊಡಗಿದರು. ದಸ್ತಗೀರಸಾಬ ನನ್ನ ಕಾಲು ಮುಟ್ಟಲು ಬಗ್ಗಿದರು.

ಅವರ ಕೈ ಹಿಡಿದು ತಡೆದೆ. ಇದು ನನ್ನಿಂದಲೇ ಆದದ್ದು, ನನ್ನ ಡಬ್ಬಿಗಾಗಿ ಹಿಂಡಿದ್ದೀರಿ ಎಂದೆ. ಡಬ್ಬಿಗಷ್ಟೇ ಅಲ್ಲ ಎಂದು ಅವರು ಸಂಕೋಚದಿಂದ ಹೇಳಿದರು. ಸಾಹೇಬರಿಗೆ ಕೊಟ್ಟದ್ದನ್ನು ಕಂಡ ಮೇಲೆ ಓಣಿಯವರೂ ಪಾತ್ರೆ ಹಿಡಿದು ಬಂದರಂತೆ. ಆಗ ಯಾವ ಬಾಯಿಂದ ಇಲ್ಲ ಎನ್ನುವುದು?

"ಬ್ಯಾಡ ಅಂತ ಹೇಳಿದವನ ನಾನು. ನಾನು ಕೇಳಿದರ ನನಗ ಇಲ್ಲ ಅನಬೇಕಿತ್ತಲ್ರಿ ಅಕ್ಕಾರ" ಎಂದೆ ಮಾಬೂಬಿಗೆ.

ಅವರಿಗೆ ಸಿಟ್ಟೇನೂ ಇರಲಿಲ್ಲ. ಕರುವನ್ನು ಎಮ್ಮೆಯ ಹತ್ತಿರ ಬಿಡುತ್ತ ಹೇಳಿದರು: "ಓಣಿ ಮಂದಿಗೆ ನಿಮ್ಮ ಮಾತು ಹೇಳಿ ಇಲ್ಲ ಅಂದ್ವಿರಿ. ನಿಮಗ ಯಾರ ಮಾತು ಹೇಳಿ ಇಲ್ಲ ಅನ್ನೂಣ್ರಿ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಊರಿಗೆ ಹೋದಾಗ ಹೆಂಡತಿ ಆ ಗಿಣ್ಣ ತಿಂದು, ಎಂಥ ಒಳ್ಳೆಯ ಜನ ಎಂದು ಹೊಗಳಿದಳು. ಹೌದು ಎಂದೆ. ನನ್ನ ಪಾಲನ್ನೂ ಅವಳ ತಾಟಿಗೇ ಹಾಕಿದೆ.

ಆಮೇಲೆ ನೂರಾರು ರೈತರಿಗೆ ಅದೇ ಸಲಹೆ ಕೊಟ್ಟಿದ್ದೇನೆ, ಪ್ರತಿ ಸಲ ಈ ಡಬ್ಬಿಯ ಕಥೆಯನ್ನೂ ಸೇರಿಸಿ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಯಾವ ಮನೆಗೆ ಹೋದರೂ ಚಹಾ ಬಿಟ್ಟು ಇನ್ನೇನನ್ನೂ ಬಾಯಿಬಿಟ್ಟು ಕೇಳುವುದಿಲ್ಲ.