ಗ್ರೌಂಡ್‌ಹಾಗ್ ಕೇಕ್ ಯಾರಿಗೆ?

ನಮ್ಮ ಆಫೀಸಿಗೆ ಕೇಕ್ ಬಂತು ಅಂದರೆ ಯಾರದೋ ಕೆಲಸ ಹೋಯಿತು ಅಂತಲೇ ಅರ್ಥ.

ನಗಬೇಡಿ. ಕುವೈತ್ ಸಿಟಿಯ ಮಿರ್ಕಾಬಿನಲ್ಲಿರುವ ನಮ್ಮ ಕಂಪನಿಯಲ್ಲಿ ಎರಡು ವರ್ಷದಿಂದ ಹೀಗೇ ನಡೆದಿದೆ. ನಮ್ಮ ಮ್ಯಾನೇಜರ್ ಡೇಲ್ ಅಮೆರಿಕದವರು. ಫೆಬ್ರವರಿ ಕಾಲಿಟ್ಟಿತೋ, ಅವರಿಗೆ ತಮ್ಮ ದೇಶದ ಹಳೆಯ ದಿನಗಳೆಲ್ಲ ಒಟ್ಟಿಗೆ ನೆನಪಾಗುತ್ತವೆ. ಎರಡು ವರ್ಷದ ಹಿಂದೆ ಏಳನೇ ತಾರೀಕು. ಇಂಗ್ಲೆಂಡಿನ ನಾಲ್ಕು ಹುಡುಗರ ಬ್ಯಾಂಡ್ ಮೊದಲ ಸಲ ಅಮೆರಿಕಕ್ಕೆ ಬಂದಿಳಿದ ದಿನವಂತೆ. ಕೇಕ್ ಬಂತು. ಮಧ್ಯಾಹ್ನವೇ ಇಬ್ಬರನ್ನು ಎಚ್‌ಆರ್ ಕರೆಯಿತು. ಖಲಾಸ್.

ಕಳೆದ ವರ್ಷ ಮೂರನೇ ತಾರೀಕು. ಬಹಳ ಹಿಂದೆ ಅವತ್ತು ವಿಮಾನ ಬಿದ್ದು ಮೂವರು ಹಾಡುಗಾರರು ತೀರಿಕೊಂಡರಂತೆ. ಅವರ ನೆನಪಿಗೆ ಪ್ಯಾಂಟ್ರಿಯಲ್ಲಿ ಹಾಡು, ಮತ್ತೆ ಕೇಕ್. (ಸತ್ತವರ ನೆನಪಿಗೆ ಕೇಕಾ? ಮ್ಯಾನೇಜರನ್ನು ಕೇಳುವವರು ಯಾರು?) ಅದೇ ವಾರ ಜಹ್ರಾದಲ್ಲಿದ್ದ ನಮ್ಮ ಕಂಪನಿಯ ಸೈಟ್ ಮುಚ್ಚಿತು, ಅಲ್ಲಿದ್ದವರ ಕೆಲಸವೂ ಹೋಯಿತು.

ಕಾಕತಾಳೀಯ ಅಂತೀರಾ? ಮೊದಲ ಸಲ ನಾನೂ ಹಾಗೇ ಅಂದುಕೊಂಡಿದ್ದೆ.

ಹಾಗಾಗಿ ಕಳೆದ ಸೋಮವಾರ, ಫೆಬ್ರವರಿ ಎರಡರ ಬೆಳಿಗ್ಗೆ, 'ಇವತ್ತು ಗ್ರೌಂಡ್‌ಹಾಗ್ ಡೇ, ಕೇಕ್ ಇದೆ, ಪ್ಯಾಂಟ್ರಿಗೆ ಬನ್ನಿ' ಅಂತ ಡೇಲ್ ಮೇಲ್ ಕಳಿಸಿದಾಗ ಇಡೀ ಫ್ಲೋರ್ ಎಚ್‌ಆರ್ ಬಾಗಿಲ ಕಡೆ ತಿರುಗಿತು. ಸದಾಶಿವಣ್ಣ ಸೀದಾ ನನ್ನ ಟೇಬಲ್ಲಿಗೆ ಬಂದರು. ಮೂಲ್ಕಿಯವರು, ಪರ್ಚೇಸ್ ಸೆಕ್ಷನ್ನಿನಲ್ಲಿದ್ದಾರೆ. ಹೆಂಡತಿ, ಮಗಳು ಕುವೈತಿನಲ್ಲಿರುವುದು ಇವರ ವೀಸಾದ ಮೇಲೆ. ಮಗಳಿಗೆ ಈ ತಿಂಗಳೇ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಶುರು. ಅಪ್ಪನ ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರ್ಮಿಟ್, ಹೋಯಿತು, ಪರೀಕ್ಷೆಯ ನಡುವೆಯೇ ಮೂವರೂ ಗಂಟುಮೂಟೆ ಕಟ್ಟಬೇಕು.

"ಅಕ್ಕ, ಇದು ಎಂತದು ಗ್ರೌಂಡ್‌ಹಾಗ್?"

ಗೂಗಲ್ ಮಾಡಿ ಹೇಳಿದೆ. "ಹೆಗ್ಗಣದ ದೊಡ್ಡಣ್ಣನ ಥರ ಒಂದು ಪ್ರಾಣಿ. ಇವತ್ತು ಬೆಳಗಾಗುವಾಗ ಬಿಲದಿಂದ ಹೊರಗೆ ಬರುತ್ತಂತೆ. ತನ್ನ ನೆರಳು ತನಗೆ ಕಂಡರೆ ಚಳಿಗಾಲ ಇನ್ನೂ ಆರು ವಾರ. ಕಾಣದಿದ್ದರೆ ಬೇಗ ಮುಗೀತು."

"ಆರು ವಾರವಾ?" ಸದಾಶಿವಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. "ಅಷ್ಟರಲ್ಲಿ ನಮ್ಮವಳ ಪರೀಕ್ಷೆ ಮುಗಿತದೆ. ಆ ನೆರಳೊಂದು ಕಂಡರೆ ಸಾಕಿತ್ತು ಮಾರಾಯ್ರೆ."

ಅಮೆರಿಕದವರಿಗೆ ನೆರಳು ಕಂಡರೆ ಬೇಜಾರು. ನಮಗೋ, ಚಳಿ ಇನ್ನೂ ಆರು ವಾರ ಇದೆ ಅಂದರೆ ನಮ್ಮವರೇ ತುಂಬಿರುವ ಮಹಬೂಲಾದ ಪ್ರತಿ ಫ್ಲಾಟಿಗೂ ಸ್ವೀಟ್ ಹಂಚಬೇಕು. ಇಲ್ಲಿ ಬೇಸಿಗೆ ಯಾವನಿಗೆ ಬೇಕು?

ಪ್ಯಾಂಟ್ರಿಗೆ ಹೋದೆವು. ಕೇಕಿನ ಮೇಲೆ ಕಂದು ಕ್ರೀಮಿನ ಪ್ರಾಣಿ, ಮುಂದೆ ಎರಡು ಹಲ್ಲು. ಬಾಗಿಲಲ್ಲಿ ಎಚ್‌ಆರ್‌ನ ಯೂಸುಫ್ ಭಾಯಿ. ಯಾವತ್ತೂ ಕೇಕಿಗೆ ಬಾರದವರು ಇವತ್ತೇ ಯಾಕೆ ಬಂದರು? ಕೈಯಲ್ಲಿ ಏನೂ ಇರಲಿಲ್ಲ, ಕೇಕಿಗೆ ಪ್ಲೇಟ್ ಕೂಡ ಇಲ್ಲ, ಅದನ್ನು ನೋಡಿ ನನ್ನ ಅನುಮಾನ ಇನ್ನಷ್ಟು ಹೆಚ್ಚಾಯಿತು.

ಡೇಲ್ ಮೊದಲ ಪೀಸ್ ಕತ್ತರಿಸಿ ಮುಂದೆ ಹಿಡಿದರು. ಯಾರೂ ಮುಟ್ಟಲಿಲ್ಲ. ಒಬ್ಬರಿಗೆ ಶುಗರ್. ಇನ್ನೊಬ್ಬರಿಗೆ ಮೊಟ್ಟೆ ಆಗದು. ನನಗೆ ಸೋಮವಾರದ ಉಪವಾಸ. (ಆಗಷ್ಟೇ ಶುರು ಮಾಡಿದ್ದು.)

ಸದಾಶಿವಣ್ಣ ಮಾತ್ರ ತಡೆಯಲಾರದೆ ಕೇಳಿಯೇಬಿಟ್ಟರು. "ಸರ್, ಶ್ಯಾಡೋ ಕಮ್?"

ಡೇಲ್ ನಕ್ಕರು. ಅಲ್ಲಿ ಇನ್ನೂ ರಾತ್ರಿ, ನಮಗೆ ಗೊತ್ತಾಗುವುದು ಮಧ್ಯಾಹ್ನದ ಮೇಲೆ ಅಂದರು. "ಆಗ ನಾನು ಇಲ್ಲಿರುವುದಿಲ್ಲ" ಅಂತಲೂ ಅಂದರು.

ಡೇಲ್ ಅವರ ಕಾಂಟ್ರಾಕ್ಟನ್ನೇ ಹೆಡ್ ಆಫೀಸ್ ಮುಗಿಸಿತ್ತು. ಯೂಸುಫ್ ಭಾಯಿ ಬಂದು ನಿಂತದ್ದು ಡೇಲ್ ಅವರ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ತೆಗೆದುಕೊಳ್ಳಲಿಕ್ಕೆ.

ಆಮೇಲೆ ಏನಾಯಿತು ಗೊತ್ತೆ? ಶುಗರ್ ಇದ್ದವರ ಶುಗರ್ ಇಳಿಯಿತು. ಮೊಟ್ಟೆ ಆಗದವರಿಗೆ ಆಯಿತು. ನನ್ನ ಉಪವಾಸ ಮುರಿಯಿತು. ಏಟು ನಮಗಲ್ಲ ಅಂತ ಗೊತ್ತಾದದ್ದೇ ತಡ, ಪ್ಲೇಟಿಗೆ ಕೈ ಚಾಚಿದೆವು. ನಾಚಿಕೆಯಾಯಿತು. ಆದರೂ ತಿಂದೆ.

"ಕೊನೆಗೂ ನನ್ನ ಕೇಕ್ ನಿಮಗೆ ಇಷ್ಟವಾಯಿತಲ್ಲ" ಅಂದರು ಡೇಲ್. ಆ ಎರಡು ವರ್ಷವೂ ಯಾರು ಹೋಗುತ್ತಾರೆ ಅಂತ ಗೊತ್ತಿದ್ದೇ ಕೇಕ್ ತರಿಸಿದ್ದರೇ? ಅಥವಾ ದೂರದೂರಿನಲ್ಲಿ ಒಬ್ಬಂಟಿ ಮನುಷ್ಯನೊಬ್ಬ ಮನೆಯ ನೆನಪಿಗೆ ತರಿಸಿದ್ದೇ? ಕೇಳಬೇಕೆಂದುಕೊಂಡೆ. ಬಾಯಲ್ಲಿ ಕೇಕಿತ್ತು. ಸದಾಶಿವಣ್ಣ ತಮ್ಮ ಪೀಸನ್ನು ಮಗಳಿಗೆ ಅಂತ ಟಿಶ್ಯೂನಲ್ಲಿ ಸುತ್ತಿಟ್ಟುಕೊಂಡರು.

ಸಂಜೆಗೆ ಮುಂಚೆ ಅವರೇ ಮೊಬೈಲ್ ಹಿಡಿದುಕೊಂಡು ಓಡಿ ಬಂದರು. "ಅಕ್ಕ, ನೆರಳು ಕಂಡಿತಂತೆ. ಆರು ವಾರ ಉಂಟು." ಮುಖ ಅರಳಿತ್ತು. ನನಗೂ ಖುಷಿಯಾಯಿತು, ಒಂದು ಹೆಗ್ಗಣದ ಮಾತು ನಂಬಿ.

ಅಷ್ಟರಲ್ಲಿ ಇಬ್ಬರ ಮೊಬೈಲಿಗೂ ಹೆಡ್ ಆಫೀಸಿನ ಮೇಲ್ ಬಂತು. ವಾರದ ಮೊದಲ ಕೆಲಸದ ದಿನ, ಭಾನುವಾರ, ಹೊಸ ಮ್ಯಾನೇಜರ್ ಬರುತ್ತಾರೆ, ಎಲ್ಲರೂ ಪ್ಯಾಂಟ್ರಿಗೆ ಬನ್ನಿ, ಕೇಕ್ ಇದೆ.

ಸದಾಶಿವಣ್ಣ ಅದನ್ನು ಎರಡು ಸಲ ಓದಿದರು. "ಮ್ಯಾನೇಜರ್ ಬರಲಿ ಅಕ್ಕ, ಅಡ್ಡಿ ಇಲ್ಲ. ಕೇಕ್ ಎಂತಕ್ಕೆ?"