ಲಿಫ್ಟಿನಾಚೆಯ ಉಳಿ ಸದ್ದು

ಬೆಂಗಳೂರಿನ ಆ ಹಳೆಯ ಗಗನಚುಂಬಿ ಕಟ್ಟಡದಲ್ಲಿ, ನನ್ನ ಆಫೀಸು ನೋಡಲು ಬಂದ ಅತ್ತೆಯ ಜೊತೆ ಲಿಫ್ಟಿನಲ್ಲಿದ್ದಾಗ ಗೋಡೆಯಾಚೆ ಉಳಿಯ ಸದ್ದು ಕೇಳಿಸಿತು. ಆ ಕಟ್ಟಡ ಕಟ್ಟುವಾಗ ಬಿದ್ದು ಸತ್ತ ಕೆಲಸಗಾರರು ಮಧ್ಯಾಹ್ನದ ಹೊತ್ತು ಇನ್ನೂ ಕಲ್ಲು ಕೆತ್ತುತ್ತಾರೆಂಬ ಕಥೆ ಕೇಳಿ ನಾನು ನಕ್ಕಿದ್ದೆ. ಈಗ ಅತ್ತೆಯ ಪಕ್ಕಕ್ಕೆ ಸರಿದು ನಿಂತೆ.

ಅತ್ತೆ ಮಾಗಡಿ ಕಡೆಯ ಕಲ್ಲುಕುಟಿಗರ ಮನೆಯವರು. ಊರಲ್ಲಿ ಬಂಡೆ ಮೇಲೆ ಕೆಲಸ ಮಾಡುವ ಗಂಡಸರನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆಯೇ ಕೂಗಿದರು: "ಉಳಿ ಮಡಗ್ರಪ್ಪಾ, ಹಿಟ್ಟು ತಂದಿವ್ನಿ."

ಸದ್ದು ನಿಂತಿತು.

ಲಿಫ್ಟಿನಿಂದ ಇಳಿದವರೇ ಅತ್ತೆ ನಮ್ಮ ಊಟದ ಡಬ್ಬಿಯನ್ನು ಗೋಡೆ ಪಕ್ಕ ಇಟ್ಟರು. "ಕರದ್ಮೇಲೆ ಇಕ್ಬೇಕು ಕಣವ್ವ."

ಸಂಜೆ ನೋಡಿದರೆ ಡಬ್ಬಿಯನ್ನು ಯಾರೋ ತೊಳೆದು ಬೋರಲು ಹಾಕಿದ್ದರು.

ಆಮೇಲೆ ಆ ಸದ್ದು ಕೇಳಿಸಿಲ್ಲ. ಆದರೂ ಊಟದ ಡಬ್ಬಿ ಮರೆತು ಬಂದ ದಿನ ನಾನು ಮೆಟ್ಟಿಲು ಹತ್ತಿಯೇ ಹೋಗುತ್ತೇನೆ.