ಕೊಸರು ಕೊಡದ ಬಸವಂತಪ್ಪ

ಬಸವಂತಪ್ಪನವರನ್ನು ನಾನು ಮೊದಲು ಕಂಡದ್ದು ೧೯೯೯ರ ಚಳಿಗಾಲದ ಒಂದು ಭಾನುವಾರ, ನಾಗಪುರದ ನಮ್ಮ ಕಾಲೋನಿಯ ಗೇಟಿನ ಬಳಿ. ಸೈಕಲ್ಲಿನ ಹಿಂದೆ ಎರಡು ಬುಟ್ಟಿ; ಹ್ಯಾಂಡಲಿಗೆ ಕಟ್ಟಿದ ತಗಡಿನ ಮೇಲೆ ಮರಾಠಿಯಲ್ಲಿ, ‘ಪಾಲಕ್ ಐದು ರೂಪಾಯಿ, ಒಂದೇ ದರ.’ ಹಳೆಯ ಊರಿನ ಮಹಾಲ್ ಬಜಾರಿನಲ್ಲಿ ಅದೇ ಕಟ್ಟು ಮೂರು ರೂಪಾಯಿಗೆ ಸಿಗುತ್ತಿತ್ತು. ನನ್ನ ಹೆಂಡತಿ ಮೃದುಲಾ ಒಂದು ಎಲೆಯನ್ನು ಬಿಸಿಲಿಗೆ ಹಿಡಿದು, “ಹುಳ ತಿಂದು ಬಿಟ್ಟದ್ದಕ್ಕೆ ಹೆಚ್ಚಿನ ದರವಂತೆ!” ಎಂದು ನನ್ನ ಕಡೆ ತಿರುಗಿ ಗೊಣಗಿದಳು.

“ತಿಂದ ಹುಳಾನೂ ಜೀವಂತ ಐತ್ರಿ ಅಕ್ಕಾರ, ನಿಮಗೇನಾಗತೈತಿ?” ಎಂದು ಅಚ್ಚ ಗದಗಿನ ಕನ್ನಡದಲ್ಲಿ ಉತ್ತರ ಬಂತು.

ಆ ಮಾತು ಕೇಳಿದ ಸಂತೋಷಕ್ಕೇ ಎರಡು ಕಟ್ಟು ಕೊಂಡೆವು.

ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮೇಲೆ, ಅವರು ಊರಂಚಿನ ವಾಡಿಯ ಆಚೆ ಸ್ವಲ್ಪ ಹೊಲವನ್ನು ಗೇಣಿಗೆ ಹಿಡಿದು, ರಾಸಾಯನಿಕ ಗೊಬ್ಬರವಿಲ್ಲದೆ, ಔಷಧ ಹೊಡೆಯದೆ ಸೊಪ್ಪು ಬೆಳೆಯುತ್ತಿದ್ದರು. ಕಳೆಯನ್ನು ಕೈಯಿಂದಲೇ ಕೀಳಬೇಕು, ಹುಳಕ್ಕೆ ಹೋದ ಪಾಲನ್ನು ಬಿಡಬೇಕು. ಐದಕ್ಕಿಂತ ಕಡಿಮೆಗೆ ಗಿಟ್ಟುತ್ತಿರಲಿಲ್ಲ. ಬೇಸಗೆಯೊಳಗೆ ವ್ಯಾಪಾರ ಕುದುರದಿದ್ದರೆ ಹೊಲವನ್ನು ಟ್ರಕ್ಕು ನಿಲ್ಲಿಸಲು ಕೊಟ್ಟುಬಿಡುವುದಾಗಿ ಮಾಲೀಕ ಹೇಳಿದ್ದ.

ಬುಟ್ಟಿಗಳು ಅರ್ಧ ತುಂಬಿಯೇ ಹಿಂದಿರುಗುತ್ತಿದ್ದವು. ಬೇಸತ್ತು ಒಮ್ಮೆ ಮೂರು ರೂಪಾಯಿಗೆ ಇಳಿಸಿದರು. ಆಗ ನಮ್ಮ ನೆರೆಯ ಚಾರುಲತಾಬಾಯಿ ತಮ್ಮ ಮರಾಠಿಯಲ್ಲಿ, “ಬಜಾರಿನ ದರ ಅಂದ್ರೆ ಮಾಲೂ ಬಜಾರದ್ದೇ, ಹೌದೋ ಅಲ್ಲೋ ಭಾವೂ?” ಎಂದು ಕೊಳ್ಳದೆ ನಡೆದರು. ದರ ಹೆಚ್ಚಾದರೆ ಕೈಗೆಟುಕದು, ಇಳಿದರೆ ನಂಬಿಕೆ ಹೋಗುವುದು. ಅವರು ಮತ್ತೆ ಐದಕ್ಕೇ ಬಂದರು.

ಆದರೆ ಹೆಂಗಸರಿಗೆ ದರಕ್ಕಿಂತಲೂ ಸಿಟ್ಟು ತರಿಸಿದ್ದು ಬೇರೊಂದು. ನಾಗಪುರದಲ್ಲಿ ಕೊತ್ತಂಬರಿ ಸೊಪ್ಪಿಗೆ ಸಾಂಬಾರ ಎನ್ನುತ್ತಾರೆ. ತರಕಾರಿ ಕೊಂಡವರ ಚೀಲಕ್ಕೆ ಹಿಡಿ ಸಾಂಬಾರ, ಎರಡು ಹಸಿಮೆಣಸಿನಕಾಯಿ ಕೊಸರಾಗಿ ಬೀಳಲೇಬೇಕು. ಬಸವಂತಪ್ಪನವರು ಅದಕ್ಕೂ ದರ ಹೇಳುತ್ತಿದ್ದರು. ಕಾರ್ಖಾನೆಯಲ್ಲಿ ಒಂದು ನಟ್ಟನ್ನೂ ಲೆಕ್ಕವಿಲ್ಲದೆ ಹೊರಗೆ ಬಿಟ್ಟವರಲ್ಲ.

ಫೆಬ್ರುವರಿಯಲ್ಲಿ ಅವರು ಜ್ವರ ಬಂದು ಮಲಗಿದರು. ಹೆಂಡತಿ ಚಂದ್ರಮ್ಮ ಆಟೋದಲ್ಲಿ ಬುಟ್ಟಿ ತಂದರು. ದರ ಐದೇ, ಆದರೆ ಯಾರೂ ಕೇಳುವ ಮೊದಲೇ ಎಲ್ಲರ ಚೀಲಕ್ಕೂ ಒಂದು ಹಿಡಿ ಕೊತ್ತಂಬರಿ ಹಾಕಿದರು. ಮರುವಾರ ಚಾರುಲತಾಬಾಯಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು. “ಎಂಥ ಸಾಂಬಾರ ಅದು, ವಹಿನಿ! ಬೇಳೆಗೆ ಹಾಕಿದ್ರೆ ಮನೆಯೆಲ್ಲ ಘಮ್ ಅಂತು. ಪಾಲಕ್ ಎರಡು ಕಟ್ಟು ಕೊಡಿ.”

ಮಫ್ಲರ್ ಸುತ್ತಿಕೊಂಡು ಜೊತೆಗೆ ಬಂದಿದ್ದ ಬಸವಂತಪ್ಪನವರು, ಹಿಡಿ ಹಿಡಿಯಾಗಿ ಹೋಗುತ್ತಿದ್ದ ಸೊಪ್ಪನ್ನು ನೋಡಿ ತಡೆಯಲಾರದೆ ಗದರಿದರು. “ಏ, ಅಷ್ಟೂ ಫುಕಟ್ ಕೊಡಾಕತ್ತೀಯಲ್ಲ, ಹುಚ್ಚಿ?”

“ರೇಟು ನಿಮ್ಮ ಕೈಯಾಗಿರಲಿ, ಕೊಸರು ನನ್ನ ಕೈಯಾಗಿರಲಿ. ನಾಲಿಗಿಗೆ ರುಚಿ ಹತ್ತಿದ ಮ್ಯಾಲೆ ಐದು ರೂಪಾಯಿ ಭಾರ ಅನಸಂಗಿಲ್ಲ. ಸುಮ್ಮನ ಚಿಲ್ಲರೆ ಕೊಡ್ರಿ ಅವರಿಗೆ.”

ಸಾಲಿನಲ್ಲಿದ್ದ ನಾನೂ ಮೃದುಲಾಳೂ ನಕ್ಕೆವು. ಕನ್ನಡ ತಿಳಿಯದ ಚಾರುಲತಾಬಾಯಿಯೂ ನಕ್ಕರು.

ಇಡೀ ಕಾಲೋನಿಯೇನೂ ಬದಲಾಗಲಿಲ್ಲ. ತುಂಬಿದ ಸಂಸಾರದ ಮನೆಗಳಲ್ಲಿ ಎರಡು ರೂಪಾಯಿ ಎಂದರೆ ಎರಡು ರೂಪಾಯಿಯೇ. ಅವರು ಬಜಾರಿಗೇ ಹೋದರು, ಅದು ತಪ್ಪೆಂದು ನಾನು ಹೇಳಲಾರೆ. ಆದರೂ ಬುಟ್ಟಿ ಬರಿದಾಗುವಷ್ಟು ಮನೆಗಳು ಉಳಿದವು. ಬೇಸಗೆಗೆ ಮಾಲೀಕ ಅರ್ಧ ಹೊಲವನ್ನು ಟ್ರಕ್ಕುಗಳಿಗೆ ಕೊಟ್ಟ. ಉಳಿದರ್ಧ ಬಸವಂತಪ್ಪನವರ ಕೈಯಲ್ಲೇ ಉಳಿಯಿತು.

ಅದಾಗಿ ಹತ್ತು ವರ್ಷಗಳ ಮೇಲಾಯಿತು. ಈಗ ಅವರು ಸೈಕಲ್ ತುಳಿಯಲಾರರು. ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಚಂದ್ರಮ್ಮ ಮಾರುತ್ತಾರೆ. ಪಕ್ಕದಲ್ಲಿ ಗೋಣಿಯ ಮೇಲೆ ಕುಳಿತು ಬಸವಂತಪ್ಪನವರು ಕೊಸರಿನ ಕೊತ್ತಂಬರಿಯನ್ನು ಬಾಳೆನಾರಿನಿಂದ ಸಣ್ಣ ಸಣ್ಣ ಕಟ್ಟು ಮಾಡುತ್ತಾರೆ. “ಎಲ್ಲಾ ಫುಕಟ್ ಆತು” ಎಂಬ ಗೊಣಗಾಟ ನಿಂತಿಲ್ಲ. ಕಟ್ಟು ತೆಳುವಾಯಿತೆನಿಸಿದರೆ ಬಿಚ್ಚಿ, ಇನ್ನೆರಡು ಕಡ್ಡಿ ಸೇರಿಸಿ ಮತ್ತೆ ಕಟ್ಟುತ್ತಾರೆ.